ಎರಡೂ ಕೈ ಬೇಕು ಎಂದವರು

ಕಳೆದ ತಿಂಗಳು ಮೂಡುಬಿದಿರೆಯಲ್ಲಿ ನಮ್ಮ ಸರ್ ಅವರ ಶ್ರದ್ಧಾಂಜಲಿ ಸಭೆ ನಡೆಯಿತು. ಫೋಟೋಗೆ ಹಾರ ಹಾಕಿದ್ದರು, ದೀಪ ಹಚ್ಚಿದ್ದರು. ಸರ್ ಹಿಂದೆ ಪಾಠ ಮಾಡುತ್ತಿದ್ದ ತರಬೇತಿ ಕೇಂದ್ರದ ಮುಖ್ಯಸ್ಥರು ಮೈಕು ಹಿಡಿದು, "ಮೃದು ಸ್ವಭಾವದವರು, ಎಲ್ಲರೊಂದಿಗೂ ಹೊಂದಿಕೊಂಡು ಹೋದವರು, ಅಜಾತಶತ್ರು" ಎಂದರು. ನಾನು ಮೂರನೇ ಸಾಲಿನಲ್ಲಿ ಕುಳಿತಿದ್ದೆ. ಎದ್ದು ನಿಂತು ಇದೆಲ್ಲ ಸುಳ್ಳು ಎಂದು ಕೂಗಬೇಕೆನಿಸಿತು. ಅಂಥ ಸಭೆಯಲ್ಲಿ ಹಾಗೆಲ್ಲ ಕೂಗಬಾರದು ಎಂದು ಪಕ್ಕದಲ್ಲಿದ್ದ ಗೆಳತಿ ನನ್ನ ಮೊಣಕೈ ಹಿಡಿದು ಕೂರಿಸಿದಳು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಅವರು ಮೃದುವಾಗಿರಲಿಲ್ಲ. ಹೊಂದಿಕೊಂಡು ಹೋಗಲಿಲ್ಲ. ಶತ್ರುಗಳಂತೂ ಇದ್ದರು, ಅವರಲ್ಲಿ ಇಬ್ಬರು ಹುಟ್ಟಿಕೊಂಡದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಹೊಂದಿಕೊಳ್ಳಲಿಲ್ಲ ಎಂಬ ಕಾರಣಕ್ಕೇ ಒಬ್ಬರನ್ನು ಕೆಲಸದಿಂದ ತೆಗೆದು, ಅವರು ತೀರಿಕೊಂಡ ಮೇಲೆ ಹೊಂದಿಕೊಂಡು ಹೋದವರು ಎಂದು ಹೊಗಳಿದರೆ ಕೇಳಿ ಸುಮ್ಮನಿರಲು ನನ್ನಿಂದಾಗದು. ಹೆಸರು ಮಾತ್ರ ಬರೆಯುವುದಿಲ್ಲ. ನಮಗೆಲ್ಲ ಅವರು ಬರೀ ಸರ್ ಆಗಿದ್ದರು, ಹಾಗೆಯೇ ಇರಲಿ.

ಸರ್ ಇಪ್ಪತ್ತು ವರ್ಷ ಗಲ್ಫಿನಲ್ಲಿ ಬಾಟಲಿಗೆ ನೀರು ತುಂಬಿಸುವ ಕಾರ್ಖಾನೆಯೊಂದರ ಯಂತ್ರಗಳನ್ನು ನೋಡಿಕೊಂಡಿದ್ದವರು. ನಮ್ಮ ಕಡೆ ಗಲ್ಫಿನಿಂದ ಬರುವವರು ಅತ್ತರು, ಕಂಬಳಿ, ಮಕ್ಕಳಿಗೆ ಚಾಕೊಲೇಟು ತರುತ್ತಾರೆ. ಇವರು ತಂದದ್ದು ಒಂದು ಹಳೆಯ ಪಿಎಲ್‌ಸಿ. ಅಂಗೈ ಅಗಲದ ಪೆಟ್ಟಿಗೆ. ಕಾರ್ಖಾನೆಯ ಯಂತ್ರ ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಎಂದು ತೀರ್ಮಾನಿಸುವುದು ಅಂಥ ಪೆಟ್ಟಿಗೆಯೇ. ಅದನ್ನು ಹಲಸಿನ ಹಲಗೆಯೊಂದಕ್ಕೆ ಸ್ಕ್ರೂ ಹಾಕಿ ಕೂರಿಸಿ, ಸುತ್ತ ನಾಲ್ಕು ಬಟನ್, ಆರು ದೀಪ, ಒಂದು ಸಣ್ಣ ಮೋಟಾರು ಜೋಡಿಸಿ ನಮಗೆ ಕಲಿಸಲು ಇಟ್ಟುಕೊಂಡಿದ್ದರು. ಲಾಯಿಲದ ಮನೆಯಿಂದ ಮೂಡುಬಿದಿರೆಗೆ ಬಸ್ಸಿನಲ್ಲಿ ಬರುವಾಗ ಮೊದಲ ದಿನ ಆ ಹಲಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದರಂತೆ. ಕಂಡಕ್ಟರ್ ಅದಕ್ಕೆ ಲಗೇಜು ಟಿಕೆಟ್ ಕೇಳಿದ್ದಕ್ಕೆ ಅರ್ಧ ದಾರಿಯ ವೇಣೂರಿನವರೆಗೂ ಅವನೊಡನೆ ವಾದ ಮಾಡಿದ್ದರಂತೆ.

"ಇದು ಯಂತ್ರದ ಮೆದುಳು ಅಂತ ಪುಸ್ತಕದಲ್ಲಿ ಬರೆದಿರ್ತಾರೆ. ಮೆದುಳು ಗಿದುಳು ಎಂತದ್ದೂ ಇಲ್ಲ. ನೀವು ಹೇಳಿದ್ದನ್ನು ಮಾತ್ರ ಮಾಡುವ ಪೆಟ್ಟಿಗೆ. ತಪ್ಪು ಹೇಳಿದರೆ ತಪ್ಪನ್ನೇ ಚಂದ ಮಾಡಿ ಮಾಡ್ತದೆ" ಎಂದು ನಮ್ಮ ಮೊದಲ ತರಗತಿಯಲ್ಲಿ ಹೇಳಿದರು.

ಅದಕ್ಕೆ ಹೇಳುವ ಭಾಷೆಯ ಹೆಸರು ಲ್ಯಾಡರ್, ಅಂದರೆ ಏಣಿ. ಬರೆದದ್ದು ಏಣಿಯ ಹಾಗೆಯೇ ಕಾಣುತ್ತದೆ: ಎರಡು ಬದಿಗೆ ಉದ್ದ ಗೆರೆ, ನಡುವೆ ಮೆಟ್ಟಿಲುಗಳು. ಪ್ರತಿ ಮೆಟ್ಟಿಲಿನ ಎಡಕ್ಕೆ ಷರತ್ತುಗಳು, ಬಲಕ್ಕೆ ಕೆಲಸ. ಷರತ್ತೆಲ್ಲ ಪೂರ್ತಿಯಾದರೆ ಮಾತ್ರ ಕೆಲಸ ನಡೆಯುತ್ತದೆ. ಕಂಪ್ಯೂಟರಿನಲ್ಲಿ ಇದನ್ನು ಎಳೆದು ಜೋಡಿಸಬಹುದು. ಸರ್ ಮಾತ್ರ ಎರಡು ತಿಂಗಳು ನಮ್ಮನ್ನು ಕಂಪ್ಯೂಟರ್ ಮುಟ್ಟಲು ಬಿಡಲಿಲ್ಲ. ಚೌಕುಳಿ ಪುಸ್ತಕದಲ್ಲಿ ಪೆನ್ಸಿಲಿನಿಂದ ಬಿಡಿಸಬೇಕಿತ್ತು. ತಪ್ಪಾದರೆ ಬೈಯುತ್ತಿರಲಿಲ್ಲ, ತಪ್ಪಿದ ಮೆಟ್ಟಿಲಿನ ಮೇಲೆ ಕೆಂಪು ಪೆನ್ಸಿಲಿನಿಂದ ಸಣ್ಣ ಸೊನ್ನೆ ಹಾಕಿ ಪುಸ್ತಕ ತಿರುಗಿಸಿ ಕೊಡುತ್ತಿದ್ದರು. ಏನು ತಪ್ಪು ಎಂದು ಕೇಳಿದರೆ ಗಂಜಿಯ ಡಬ್ಬಿ ತೆಗೆದು ಊಟಕ್ಕೆ ಕೂತುಬಿಡುತ್ತಿದ್ದರು.

ಅಭ್ಯಾಸಗಳನ್ನು ಅವರೇ ಬರೆದು ಜೆರಾಕ್ಸ್ ಮಾಡಿಸಿದ್ದರು. ಕೇಂದ್ರದವರು ಕೊಟ್ಟ ಪುಸ್ತಕದಲ್ಲಿ ಇದ್ದದ್ದು ಮೋಟಾರ್ ಒಂದು, ಮೋಟಾರ್ ಎರಡು. ಸರ್ ಅವರದರಲ್ಲಿ ಬಾವಿಯ ಪಂಪು ಇತ್ತು: ಟ್ಯಾಂಕಿ ತುಂಬಿದರೆ ನಿಲ್ಲಬೇಕು, ಬಾವಿ ಬತ್ತಿದರೆ ಓಡಲೇಬಾರದು. ಅಕ್ಕಿ ಗಿರಣಿ ಇತ್ತು. ಮೆಲ್ಕಾರ್ ಜಂಕ್ಷನ್ನಿಗೆ ಸಿಗ್ನಲ್ ದೀಪ ಬರೆಯಿರಿ ಎಂಬ ಅಭ್ಯಾಸವಿತ್ತು. ಅದರ ಕೆಳಗೆ, "ಬಸ್ಸಿನವರು ಕೆಂಪು ದೀಪಕ್ಕೆ ನಿಲ್ಲುವುದಿಲ್ಲ ಎಂದು ಭಾವಿಸಿಕೊಂಡೇ ಬರೆಯುವುದು" ಎಂಬ ಸೂಚನೆ. ಯಾವ ಅಭ್ಯಾಸಕ್ಕೂ ಉತ್ತರ ಕೊಟ್ಟಿರಲಿಲ್ಲ. ಉತ್ತರದ ಜಾಗದಲ್ಲಿ ಎರಡು ಪ್ರಶ್ನೆಗಳು: ಕರೆಂಟು ಹೋಗಿ ಬಂದರೆ? ತಂತಿ ತುಂಡಾದರೆ?

ಎರಡನೆಯ ಪ್ರಶ್ನೆಯ ಬೆಲೆ ನಮಗೆ ಗೊತ್ತಾದದ್ದು ಹೀಗೆ. ನಮ್ಮ ತರಗತಿಯ ಒಬ್ಬ ಜಾಣ ಮೋಟಾರು ಓಡಿಸುವ, ನಿಲ್ಲಿಸುವ ಪ್ರೋಗ್ರಾಂ ಅನ್ನು ಮೊಬೈಲಿನಿಂದ ನೋಡಿ ಬರೆದು, ಹಲಗೆಯ ತಂತಿಗಳನ್ನೂ ಅದಕ್ಕೆ ತಕ್ಕ ಹಾಗೆ ಬದಲಿಸಿಟ್ಟಿದ್ದ. ಮೋಟಾರು ಚೆನ್ನಾಗಿಯೇ ಓಡಿತು. ಸರ್ ಜೇಬಿನಿಂದ ಕಟ್ಟಿಂಗ್ ಪ್ಲೇಯರ್ ತೆಗೆದು ನಿಲ್ಲಿಸುವ ಬಟನ್ನಿನ ತಂತಿಯನ್ನು ಕಚಕ್ಕೆಂದು ಕತ್ತರಿಸಿದರು. "ಈಗ ನಿಲ್ಲಿಸಿ" ಎಂದರು. ಹುಡುಗ ಒತ್ತಿದ, ಒತ್ತಿದ, ಮೋಟಾರು ನಿಲ್ಲಲಿಲ್ಲ. "ಇಲಿಗಳಿಗೆ ನಿಮ್ಮ ಮೊಬೈಲಿನ ಉತ್ತರ ಗೊತ್ತಿಲ್ಲ ಮಾರಾಯ್ರೆ. ನಿಲ್ಲಿಸುವ ತಂತಿಯಲ್ಲಿ ಯಾವಾಗಲೂ ಕರೆಂಟು ಇರ್ಬೇಕು. ಒತ್ತಿದರೆ ಅದು ಕಡಿಯಬೇಕು. ಆಗ ಇಲಿ ಕಡಿದರೂ ಯಂತ್ರ ನಿಲ್ತದೆ" ಎಂದರು. ನಮಗೆಲ್ಲ ನೀನು ಎನ್ನುತ್ತಿದ್ದವರು ಸಿಟ್ಟು ಬಂದರೆ ನೀವು, ಮಾರಾಯ್ರೆ ಎಂದು ಮರ್ಯಾದೆ ಕೊಡಲು ತೊಡಗುತ್ತಿದ್ದರು. ಆ ಮರ್ಯಾದೆಗೆ ನಾವು ಹೆದರುತ್ತಿದ್ದೆವು.

ಇನ್ನು ನನ್ನ ಅಮ್ಮನ ವಿಷಯ. ಅಮ್ಮ ವಾಮದಪದವು ಪಕ್ಕದ ಒಂದು ಹಾಳೆತಟ್ಟೆ ಘಟಕದಲ್ಲಿ ಕೆಲಸ ಮಾಡುತ್ತಿದ್ದಳು. ಅಡಿಕೆ ಮರದಿಂದ ಬಿದ್ದ ಹಾಳೆಯನ್ನು ನೆನೆಸಿ, ಉಜ್ಜಿ ತೊಳೆದು, ಬಿಸಿ ಅಚ್ಚಿನ ಮೇಲೆ ಹಾಸಿದರೆ ಮೇಲಿನ ಅಚ್ಚು ಇಳಿದು ಒತ್ತುತ್ತದೆ. ಮದುವೆ ಮನೆಯಲ್ಲಿ ನಾವು ಉಣ್ಣುವ ತಟ್ಟೆ ಸಿದ್ಧ. ಅಪ್ಪ ತೀರಿಕೊಂಡ ಮೇಲೆ ನಮ್ಮ ಅನ್ನ, ನನ್ನ ಕಲಿಕೆ ಎರಡೂ ಆ ತಟ್ಟೆಯಿಂದಲೇ. ಘಟಕದ ಯಜಮಾನರು, ಹೆಂಗಸರೆಲ್ಲ ಧನಿಗಳು ಎಂದು ಕರೆಯುತ್ತಿದ್ದವರು, ಆ ವರ್ಷ ಪಿಎಲ್‌ಸಿ ಇರುವ ಹೊಸ ಯಂತ್ರ ತರಿಸಿದ್ದರು. ಅದು ಆಗಾಗ ಕೆಡತೊಡಗಿದಾಗ ನಮ್ಮ ಕೇಂದ್ರದ ಮುಖ್ಯಸ್ಥರಿಗೆ ಫೋನ್ ಮಾಡಿದರು. ಇಬ್ಬರೂ ಸ್ನೇಹಿತರು, ಕೇಂದ್ರದ ಕಟ್ಟಡ ಎದ್ದದ್ದೂ ಧನಿಗಳ ಸಹಾಯದಿಂದ. ಸರ್ ನಮ್ಮಲ್ಲಿ ಆರು ಮಂದಿಯನ್ನು ಕರೆದುಕೊಂಡು ಹೊರಟರು. "ಇವತ್ತು ಅಭ್ಯಾಸ ಪುಸ್ತಕದಲ್ಲಿ ಬೇಡ, ಅಲ್ಲಿಯೇ ಮಾಡುವ" ಎಂದರು.

ಕೆಟ್ಟದ್ದನ್ನು ಸರಿ ಮಾಡಲು ಹತ್ತು ನಿಮಿಷ ಸಾಕಾಯಿತು. ಆದರೆ ಸರ್ ಏಳಲಿಲ್ಲ. ಯಂತ್ರದ ಎಡಕ್ಕೊಂದು, ಬಲಕ್ಕೊಂದು ಬಟನ್ ಇತ್ತು. ಎರಡನ್ನೂ ಒತ್ತಿದರೆ ಮಾತ್ರ ಅಚ್ಚು ಇಳಿಯಬೇಕು. ಆಗ ಎರಡೂ ಕೈ ಅಚ್ಚಿನಿಂದ ಹೊರಗಿರುತ್ತವೆ. ಯಂತ್ರ ಮಾಡಿದವರ ಲೆಕ್ಕ ಅದು. ನಮ್ಮ ಹೆಂಗಸರ ಲೆಕ್ಕ ಬೇರೆ. ಹಾಳೆಯ ಒಂದು ಚೂರನ್ನು ಮಡಚಿ ಎಡಗಡೆಯ ಬಟನ್ನಿನ ಸಂದಿಗೆ ಸಿಕ್ಕಿಸಿದ್ದರು. ಅದು ಯಾವಾಗಲೂ ಒತ್ತಿಕೊಂಡೇ ಇರುತ್ತಿತ್ತು. ಬಲಗೈಯಿಂದ ಒತ್ತುತ್ತಾ ಎಡಗೈಯಿಂದ ಒಳಗಿನ ಹಾಳೆಯ ಸುರುಟು ಬಿಡಿಸಿ, ಅಚ್ಚು ಇಳಿಯುವಷ್ಟರಲ್ಲಿ ಕೈ ಎಳೆದುಕೊಳ್ಳುತ್ತಿದ್ದರು. ಆ ಕೆಲಸದಲ್ಲಿ ಅಮ್ಮನೇ ಎಲ್ಲರಿಗಿಂತ ಚುರುಕು.

ಅಲ್ಲಿ ಮಾತೆಲ್ಲ ತುಳುವಿನಲ್ಲಿಯೇ ನಡೆದದ್ದು. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅಕ್ಕಾ, ಇದು ಯಾರ ಉಪಾಯ?" ಎಂದು ಸರ್ ಆ ಚೂರನ್ನು ತೋರಿಸಿ ಕೇಳಿದರು.

"ಎಲ್ಲರದ್ದೂ" ಎಂದಳು ಅಮ್ಮ. ಅವಳ ದನಿಯಲ್ಲಿ ಹೆಮ್ಮೆ ಇತ್ತು.

"ಒಳ್ಳೆ ಬುದ್ಧಿ ಉಂಟು. ಅದಕ್ಕೇ ನನಗೆ ಹೆದರಿಕೆ."

ಬಟನ್ನಿನ ಪ್ರೋಗ್ರಾಂ ಬದಲಿಸುವ ಅಂತ ಸರ್ ಧನಿಗಳ ಹತ್ತಿರ ಕೇಳಿದರು. ಧನಿಗಳು ಫೋನಿನಲ್ಲಿದ್ದರು, ಏನು ಬೇಕಾದರೂ ಮಾಡಿ ಎಂದು ಕೈ ಬೀಸಿದರು. ಸರ್ ನಮ್ಮ ಕಡೆ ತಿರುಗಿ ಅಭ್ಯಾಸ ಕೊಟ್ಟರು: ಎರಡೂ ಬಟನ್ ಅರ್ಧ ಸೆಕೆಂಡಿನೊಳಗೆ ಒಟ್ಟಿಗೆ ಒತ್ತಬೇಕು. ಒಂದು ತಟ್ಟೆ ಆದ ಮೇಲೆ ಎರಡನ್ನೂ ಬಿಟ್ಟು ಹೊಸದಾಗಿ ಒತ್ತಬೇಕು. ಯಾವುದಾದರೂ ಒಂದು ಒತ್ತಿಕೊಂಡೇ ಇದ್ದರೆ ಅಚ್ಚು ಇಳಿಯಲೇಬಾರದು. ನಾವು ಹಾಳೆಯ ಮೂಟೆಗಳ ಮೇಲೆ ಕುಳಿತು ಬರೆದೆವು. ನನ್ನ ಪುಸ್ತಕಕ್ಕೆ ಮೂರು ಸಲ ಕೆಂಪು ಸೊನ್ನೆ ಬಿತ್ತು. ನಾಲ್ಕನೇ ಸಲ ಸೊನ್ನೆ ಬೀಳಲಿಲ್ಲ. ಆ ಯಂತ್ರಕ್ಕೆ ಹಾಕಿದ್ದು ನಾನು ಬರೆದ ಪ್ರೋಗ್ರಾಮನ್ನೇ. ಆ ದಿನ ಬಸ್ಸಿನಲ್ಲಿ ನನಗೆ ಸೀಟು ಸಿಗದಿದ್ದರೂ ಕಾಲು ನೋಯಲಿಲ್ಲ. ಮರುದಿನದಿಂದ ಸರ್ ಪ್ರತಿ ಅಭ್ಯಾಸದ ಕೆಳಗೆ ಮೂರನೆಯ ಪ್ರಶ್ನೆಯೊಂದನ್ನು ಪೆನ್ನಿನಿಂದ ಬರೆದು ಕೊಡತೊಡಗಿದರು: ಮನುಷ್ಯ ಅವಸರ ಮಾಡಿದರೆ?

ಮನೆಯಲ್ಲಿ ಮಾತ್ರ ನನ್ನ ಪ್ರೋಗ್ರಾಮಿಗೆ ಬೈಗುಳವೇ ಸಿಕ್ಕಿತು. ಅಲ್ಲಿ ಸಂಬಳ ತಟ್ಟೆಗೆ ಇಷ್ಟು ಎಂದು. ಎರಡೂ ಕೈಯಿಂದ ಒತ್ತತೊಡಗಿದ ಮೇಲೆ ದಿನದ ತಟ್ಟೆ ಕಡಿಮೆಯಾಯಿತು. "ನಿನ್ನ ಕಲಿಕೆಗೆ ನನ್ನ ಹೊಟ್ಟೆಯೇ ಬೇಕಿತ್ತಾ ಮಗಾ? ಆ ಸರ್‌ಗೆ ಹೇಳು, ಅವರಿಗೆ ಬೇರೆ ಕೆಲಸ ಇಲ್ಲವಾ ಅಂತ ಅಮ್ಮ ಕೇಳಿದಳು ಅಂತ ಹೇಳು" ಎಂದಳು. ನಾನು ಸರ್‌ಗೆ ಒಂದಕ್ಷರ ಬಿಡದೆ ಹೇಳಿದೆ.

ಅವರು ಬೇಸರಿಸಲಿಲ್ಲ. "ಅವರು ಹೇಳಿದ್ದು ಸರಿ ಉಂಟು" ಎಂದರು. ಅಲ್ಲಿಂದ ಮುಂದೆ ಮೂರು ಭಾನುವಾರ ಘಟಕಕ್ಕೆ ಬಂದು ಯಂತ್ರದ ಎದುರು ಬಕೆಟ್ ಬೋರಲು ಹಾಕಿ ಕೂತರು. ಯಾರೂ ಕರೆದಿರಲಿಲ್ಲ. ಮೇಲಿನ ಅಚ್ಚು ಪ್ರತಿ ಸಲ ಬೇಕಾದ್ದಕ್ಕಿಂತ ಎಷ್ಟೋ ಎತ್ತರಕ್ಕೆ ಹೋಗಿ ಬರುತ್ತದೆ, ಹೊತ್ತು ಹೋಗುವುದು ಅಲ್ಲಿಯೇ ಎಂದು ಕಂಡುಹಿಡಿದರು. ಮೇಲೇರುವಾಗ ಅರ್ಧದಲ್ಲೇ ನಿಲ್ಲುವ ಹಾಗೆ ಒಂದು ಸೆನ್ಸರ್ ಕೂರಿಸಿದರು. ತಟ್ಟೆಯ ಸಂಖ್ಯೆ ಮೊದಲಿನಷ್ಟೇ ಆಯಿತು. ಎರಡನೆಯ ಭಾನುವಾರ ಹೆಂಗಸರಿಗೆಲ್ಲ, "ಅಕ್ಕಂದಿರೇ, ಒಮ್ಮೆ ಎರಡೂ ಕೈ ಮುಂದೆ ಹಿಡಿಯಿರಿ" ಎಂದಿದ್ದರು. ಆರು ಜನ ಹಿಡಿದರು. ಸುಟ್ಟ ಕಲೆ ಎಲ್ಲರಿಗೂ ಇತ್ತು, ಎಲ್ಲರಿಗೂ ಎಡಗೈಯಲ್ಲಿ ಮಾತ್ರ. ಬಲಗೈಗಳು ಚೊಕ್ಕ. ಅಮ್ಮ ತನ್ನ ಕೈಯನ್ನೂ ಉಳಿದವರ ಕೈಗಳನ್ನೂ ತುಂಬಾ ಹೊತ್ತು ನೋಡಿದಳು. ಆಮೇಲೆ ಒಳಗೆ ಹೋಗಿ ಅವರಿಗೆ ಚಾ ತಂದುಕೊಟ್ಟಳು.

ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಮುಗಿಯಲು ಧನಿಗಳು ಬಿಡಬೇಕಲ್ಲ. ಅವರು ಬಂದು ನೋಡಿ ಖುಷಿಪಟ್ಟರು. "ಅಚ್ಚು ಅರ್ಧದಲ್ಲೇ ನಿಲ್ಲುವ ಹಾಗೆ ಮಾಡಿದ್ದು ಭಾರಿ ಲಾಯ್ಕ ಆಯ್ತು. ಇನ್ನು ಆ ಎರಡು ಕೈಯದ್ದು ತೆಗೆದುಬಿಡಿ. ಮೊದಲಿಗಿಂತಲೂ ಹೆಚ್ಚು ಬರ್ತದೆ" ಎಂದರು.

"ಆಗುವುದಿಲ್ಲ" ಎಂದರು ಸರ್.

ಎರಡೇ ದಿನದಲ್ಲಿ ವಿಷಯ ಕೇಂದ್ರಕ್ಕೆ ತಲುಪಿತು. ಮುಖ್ಯಸ್ಥರ ಕೋಣೆಯ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ನಾವು ಹೊರಗೆ ನಿಂತು ಎಲ್ಲವನ್ನೂ ಕೇಳಿದೆವು.

"ಸ್ವಲ್ಪ ಹೊಂದಿಕೊಂಡು ಹೋಗ್ಬೇಕು ಮಾರಾಯ್ರೆ. ಈ ಕಟ್ಟಡಕ್ಕೆ ಅವರು ಎಷ್ಟು ಮಾಡಿದ್ದಾರೆ ಗೊತ್ತುಂಟಲ್ಲ?"

"ಕಟ್ಟಡಕ್ಕೆ ಮಾಡಿದ್ದಾರೆ. ಅದಕ್ಕೆ ನಾನು ಬೆರಳು ಕೊಡ್ಲಿಕ್ಕೆ ಆಗುವುದಿಲ್ಲ. ಅದೂ ಬೇರೆಯವರದ್ದು."

"ಇಷ್ಟು ದಿನ ಯಾರಿಗೂ ಎಂತದ್ದೂ ಆಗ್ಲಿಲ್ಲ ಅಲ್ವಾ?"

"ಆದ ಮೇಲೆ ಬರೆಯುವುದು ವರದಿ ಸರ್. ಆಗುವ ಮೊದಲು ಬರೆಯುವುದಕ್ಕೆ ಪ್ರೋಗ್ರಾಂ ಅಂತಾರೆ."

"ಹಾಗಾದರೆ ನಾಳೆಯಿಂದ ನೀವು ಬರುವುದು ಬೇಡ."

"ಇವತ್ತಿನ ಪಾಠ ಅರ್ಧ ಆಗಿದೆ. ಅದನ್ನು ಮುಗಿಸಿ ಹೋಗ್ತೇನೆ."

ಹೇಳಿದ ಹಾಗೆಯೇ ಮಾಡಿದರು. ತರಗತಿಗೆ ಬಂದು, ನಮ್ಮಲ್ಲಿ ಮೂವರು ಅಳುತ್ತಿದ್ದರೂ, ಟೈಮರಿನ ಪಾಠವನ್ನು ಗಂಟೆ ಹೊಡೆಯುವವರೆಗೆ ನಡೆಸಿದರು. ಮೂವರ ಪುಸ್ತಕಕ್ಕೆ ಸೊನ್ನೆ ಹಾಕಿದರು. ಆಮೇಲೆ ಹಲಸಿನ ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಗಂಜಿಯ ಡಬ್ಬಿ ಹಿಡಿದು ಬಸ್‌ಸ್ಟ್ಯಾಂಡಿಗೆ ನಡೆದರು. ಅಂಥವರನ್ನು ಮೃದು ಸ್ವಭಾವದವರು ಎನ್ನುತ್ತಾರೆ!

ಅದೇ ವಾರ ಧನಿಗಳು ನನ್ನನ್ನು ಘಟಕಕ್ಕೆ ಕರೆಸಿದರು. "ನೀನೇ ಬರೆದದ್ದಂತೆ. ನೀನೇ ತೆಗೆ. ಐದು ನಿಮಿಷದ ಕೆಲಸ" ಎಂದರು. ಸಿಟ್ಟೇನೂ ಇರಲಿಲ್ಲ, ನಗುತ್ತಲೇ ಹೇಳಿದರು. "ಆಗುವುದಿಲ್ಲ ಅಂತಾದರೆ ನಾಳೆಯಿಂದ ನಿನ್ನ ಅಮ್ಮ ಮನೆಯಲ್ಲೇ ಇರ್ಲಿ."

ನಾನು ಹೊರಗೆ ಬಂದು ಸರ್‌ಗೆ ಫೋನ್ ಮಾಡಿದೆ. ತೆಗೆಯಬೇಡ ಎಂದು ಅವರು ಹೇಳಲಿ, ಆಮೇಲೆ ಆಗುವುದಕ್ಕೆಲ್ಲ ಅವರೇ ಹೊಣೆಯಾಗಲಿ ಎಂಬ ಆಸೆ ನನ್ನದು. ಅವರು ಹಾಗೆ ಹೇಳಲಿಲ್ಲ.

"ನಾನು ಹೇಳಿದರೆ ಅದು ನನ್ನ ಹಠ ಆಗ್ತದೆ. ಅನ್ನ ಹೋಗುವುದು ನಿಮ್ಮದು. ಆ ಯಂತ್ರದ ಮುಂದೆ ಕೂತುಕೊಳ್ಳುವವರನ್ನು ಕೇಳು" ಎಂದು ಫೋನ್ ಇಟ್ಟರು.

ನನಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂತು. ಅಮ್ಮನನ್ನು ಕೇಳುವ ಧೈರ್ಯವೂ ಆಗಲಿಲ್ಲ. ಸುಳ್ಳು ಹೇಳುವುದಿಲ್ಲ: ನಾನು ಕೇಂದ್ರದವರು ಕೊಟ್ಟು ಕಳಿಸಿದ್ದ ಲ್ಯಾಪ್‌ಟಾಪ್ ತೆರೆದು, ಕೇಬಲ್ ಸಿಕ್ಕಿಸಿ, ಎರಡು ಕೈಯ ಭಾಗವನ್ನು ಮಾತ್ರ ತೆಗೆದು ಅಲ್ಲಿಗೆ ಹಳೆಯದನ್ನು ಹಾಕಿದೆ. ಧನಿಗಳು ತಾವೇ ಕೆಳಗಿನಿಂದ ಹಾಳೆಯ ಚೂರೊಂದನ್ನು ಹೆಕ್ಕಿ ಎಡಗಡೆಯ ಬಟನ್ನಿಗೆ ಸಿಕ್ಕಿಸಿದರು. "ಹಾಂ, ಕೂತುಕೋ" ಎಂದು ಅಮ್ಮನಿಗೆ ಹೇಳಿದರು.

ಅಮ್ಮ ಕೂರಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಸ್ಟೂಲನ್ನು ಅವರ ಕಡೆ ಸರಿಸಿದಳು.

"ಮೊದಲಿನ ಒಂದು ತಟ್ಟೆ ನೀವೇ ತೆಗೆಯಿರಿ ಧನಿಗಳೇ. ನಾವು ಮಾಡುವ ಹಾಗೆಯೇ ಮಾಡಿ. ಎಡಗೈ ಒಳಗೆ, ಬಲಗೈ ಬಟನ್ ಮೇಲೆ. ಆಮೇಲೆ ನಾನು ಕೂತುಕೊಳ್ತೇನೆ."

ಧನಿಗಳು ನಕ್ಕರು. ಯಾರೂ ಜೊತೆಗೂಡಲಿಲ್ಲ. ಉಳಿದ ಹೆಂಗಸರು ಹಾಳೆ ತೊಳೆಯುವುದನ್ನು ಬಿಟ್ಟು ಬಂದು ಅಮ್ಮನ ಹಿಂದೆ ನಿಂತಿದ್ದರು. ಅವರೆದುರು ಬೇಡ ಎನ್ನಲಾಗದೆ ಧನಿಗಳು ಕುಳಿತರು. ಹಾಳೆ ಹಾಸಿದರು. ಎಡಗೈಯನ್ನು ಅಚ್ಚಿನ ಒಳಗೆ ಇಟ್ಟು ಸುರುಟು ಬಿಡಿಸಿದರು. ಬಲಗೈಯ ಬೆರಳು ಬಟನ್ನಿನ ಮೇಲೆ ಬಂತು. ಬಂದದ್ದು ಅಲ್ಲಿಯೇ ಉಳಿಯಿತು. ಅಚ್ಚಿನ ಕಾವಿಗೋ ಬೇರೆ ಯಾವುದಕ್ಕೋ ಅವರ ಹಣೆಯಲ್ಲಿ ಬೆವರು ಮೂಡಿತು. ಕೊನೆಗೆ ಎಡಗೈ ಹೊರಗೆ ತೆಗೆದು ಎದ್ದರು.

"ನನಗೆ ಅಭ್ಯಾಸ ಇಲ್ಲ" ಎಂದರು.

"ನಮಗೆ ಅಭ್ಯಾಸ ಉಂಟು ಅಂತ ನಮ್ಮ ಕೈ ಮಾಂಸದ್ದಲ್ಲವಾ?" ಎಂದಳು ಅಮ್ಮ.

ನಾನು ಹುಟ್ಟಿದಂದಿನಿಂದ ಅಮ್ಮ ಆ ಮನುಷ್ಯನ ಎದುರು ತಲೆ ಎತ್ತಿ ಮಾತಾಡಿದ್ದನ್ನು ನೋಡಿರಲಿಲ್ಲ. ಧನಿಗಳು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಯಾರೂ ಹೇಳದೆಯೇ ನಾನು ಆ ಹಾಳೆಯ ಚೂರನ್ನು ಕಿತ್ತೆಸೆದು, ನನ್ನ ಪ್ರೋಗ್ರಾಮನ್ನು ಮತ್ತೆ ಯಂತ್ರಕ್ಕೆ ಹಾಕಿದೆ. ಮರುದಿನ ಅಮ್ಮ ಎಂದಿನ ಹೊತ್ತಿಗೆ ಕೆಲಸಕ್ಕೆ ಹೋದಳು. ಬರಬೇಡ ಎಂದು ಯಾರೂ ಹೇಳಲಿಲ್ಲ.

ಸಂಜೆ ಸರ್‌ಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಹಳೆಯದನ್ನು ಹಾಕಿದ್ದೆ ಎಂಬುದನ್ನೂ ಮುಚ್ಚಿಡಲಿಲ್ಲ. ಅವರು ಒಂದೇ ವಿಷಯ ಎರಡು ಸಲ ಕೇಳಿದರು.

"ಒತ್ತಲಿಲ್ಲವಾ? ಬೆರಳು ಬಟನ್ ಮೇಲೆ ಇಟ್ಟೂ ಒತ್ತಲಿಲ್ಲವಾ?"

"ಇಲ್ಲ ಸರ್."

"ಹಾಗಾದರೆ ಅವರಿಗೆ ಪ್ರೋಗ್ರಾಂ ಅರ್ಥ ಆಗಿದೆ. ನಿನಗೆ ನಾಲ್ಕು ಸಲ ಬೇಕಾಯ್ತು."

ಸರ್‌ಗೆ ಕೇಂದ್ರದ ಕೆಲಸ ಮತ್ತೆ ಸಿಗಲಿಲ್ಲ. ಅವರು ಕೇಳಲೂ ಇಲ್ಲ. ಮೆಲ್ಕಾರಿನಲ್ಲಿ ಟಯರ್ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಅದೇ ಹಲಗೆ ಇಟ್ಟುಕೊಂಡು, ಬಂದವರಿಗೆ ಪಾಠ ಹೇಳುತ್ತಾ ಕೊನೆಯವರೆಗೆ ಇದ್ದರು. ಸ್ವಲ್ಪ ಬಗ್ಗಿದ್ದರೆ ಆ ಕೇಂದ್ರಕ್ಕೆ ಅವರೇ ಮುಖ್ಯಸ್ಥರಾಗಬಹುದಿತ್ತು ಎಂದು ಈಗಲೂ ಕೆಲವರು ಕನಿಕರ ತೋರಿಸುತ್ತಾರೆ. ಆಗಬಹುದಿತ್ತು, ನಿಜ. ಬಗ್ಗಲಿಲ್ಲ. ಅಮ್ಮ ಇವತ್ತಿಗೂ ಅದೇ ಯಂತ್ರದ ಮುಂದೆ ಕೂರುತ್ತಾಳೆ. ಹತ್ತು ಬೆರಳೂ ಉಂಟು. ಸಭೆಯಲ್ಲಿ ಭಾಷಣ ಮಾಡಿದವರು ಯಾರು ಬೇಕಾದರೂ ವಾಮದಪದವಿಗೆ ಬಂದು ಎಣಿಸಿಕೊಂಡು ಹೋಗಲಿ.